ಎರಡು ದೇಶ, ಒಂದೇ ತಂತ್ರಾಂಶ

ಸರ್ಕಾರ ಮಾಡುವ ಕಾಯಿದೆ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಯಾರು ಬೇಕಾದರೂ ಓದಬಹುದು. ಆದರೆ ಇಂದು ಅನೇಕ ಕಾಯಿದೆಗಳನ್ನು ಜಾರಿಗೆ ತರುವುದು ಗಣಕಯಂತ್ರಗಳ ಮೂಲಕ. ಅವುಗಳ ತಂತ್ರಾಂಶವನ್ನು ಓದುವ ಹಕ್ಕು ಯಾರಿಗಿದೆ? ಬಾಲ್ಟಿಕ್ ಸಮುದ್ರದ ದಂಡೆಯ ಪುಟ್ಟ ದೇಶ ಎಸ್ಟೋನಿಯಾದ ಇತಿಹಾಸ ಈ ಪ್ರಶ್ನೆಗೆ ಒಂದು ಉತ್ತರ ಕೊಡುತ್ತದೆ.

1991ರಲ್ಲಿ ಸೋವಿಯತ್ ಒಕ್ಕೂಟದಿಂದ ಸ್ವತಂತ್ರವಾದಾಗ ಅಲ್ಲಿನ ಜನಸಂಖ್ಯೆ ಸುಮಾರು 15 ಲಕ್ಷ. ಬೊಕ್ಕಸದಲ್ಲಿ ಹೆಚ್ಚು ಹಣವಿರಲಿಲ್ಲ. ಒಂದೊಂದು ಇಲಾಖೆಯ ದಾಖಲೆ ಒಂದೊಂದು ಗಣಕದಲ್ಲಿತ್ತು. ಎಲ್ಲವನ್ನೂ ಒಂದೇ ಉಗ್ರಾಣಕ್ಕೆ ತುಂಬುವುದು ದುಬಾರಿ. ಮೇಲಾಗಿ, ಕಳ್ಳನಿಗೆ ಒಂದೇ ಬಾಗಿಲು ಮುರಿದರೆ ಸಾಕು. ಹೀಗಾಗಿ 2001ರಲ್ಲಿ ‘ಎಕ್ಸ್-ರೋಡ್’ ಎಂಬ ವ್ಯವಸ್ಥೆ ಬಂತು. ಇದರಲ್ಲಿ ದಾಖಲೆಗಳು ಆಯಾ ಇಲಾಖೆಯಲ್ಲೇ ಉಳಿಯುತ್ತವೆ. ಪ್ರತಿ ಇಲಾಖೆಯ ಬಾಗಿಲಲ್ಲೂ ಒಂದು ಕಾವಲು ಗಣಕ. ಕೇಳುತ್ತಿರುವವರು ಯಾರು, ಅವರಿಗೆ ಅನುಮತಿ ಇದೆಯೇ ಎಂದು ಪರೀಕ್ಷಿಸಿ, ಮಾಹಿತಿಯನ್ನು ಗುಪ್ತಲಿಪಿಗೆ ತಿರುಗಿಸಿ, ಡಿಜಿಟಲ್ ಮುದ್ರೆಯೊತ್ತಿ ಅದು ಕಳುಹಿಸುತ್ತದೆ.

ಕೊಲ್ಲಿಯ ಆಚೆ ದಡದ ಫಿನ್ಲೆಂಡಿಗೂ ಇಂಥದೇ ವ್ಯವಸ್ಥೆ ಬೇಕಾಗಿತ್ತು. 2013ರ ಡಿಸೆಂಬರಿನಲ್ಲಿ ಉಭಯ ದೇಶಗಳ ಪ್ರಧಾನಿಗಳು ಸಹಕಾರ ಒಪ್ಪಂದಕ್ಕೆ ಗಣಕದ ಮೂಲಕವೇ ಸಹಿ ಹಾಕಿದರು. ಆದರೆ ತೊಡಕೊಂದಿತ್ತು. ಒಂದೇ ತಂತ್ರಾಂಶವನ್ನು ಇಬ್ಬರೂ ತಮತಮಗೆ ತೋಚಿದಂತೆ ತಿದ್ದುತ್ತ ಹೋದರೆ, ಕ್ರಮೇಣ ಒಂದರ ಮಾತು ಇನ್ನೊಂದಕ್ಕೆ ತಿಳಿಯದಂತಾಗುತ್ತದೆ. ಒಬ್ಬರ ಕೈಯಲ್ಲೇ ಉಳಿದರೆ ಇನ್ನೊಬ್ಬರು ಸದಾ ಬಾಡಿಗೆದಾರರು.

ಪರಿಹಾರ ಎರಡು ಹೆಜ್ಜೆಗಳಲ್ಲಿ ಬಂತು. 2016ರ ಅಕ್ಟೋಬರಿನಲ್ಲಿ ತಂತ್ರಾಂಶದ ಮೂಲ ಸಂಕೇತವನ್ನೇ, ಅಂದರೆ ತಂತ್ರಜ್ಞರು ಬರೆದ ಆದೇಶಗಳ ಸಾಲುಗಳನ್ನೇ, ಮುಕ್ತವಾಗಿ ಪ್ರಕಟಿಸಲಾಯಿತು. 2017ರಲ್ಲಿ ಎರಡೂ ದೇಶಗಳು ಸೇರಿ ಅದರ ಪಾಲನೆಗೆಂದೇ ಒಂದು ಸಂಸ್ಥೆ ಸ್ಥಾಪಿಸಿದವು. 2021ರಲ್ಲಿ ಐಸ್‌ಲೆಂಡ್ ಕೂಡ ಅದರ ಸದಸ್ಯನಾಯಿತು.

ಮುಕ್ತ ಎಂದರೆ ಜನರ ದಾಖಲೆ ಬಯಲಾಯಿತೆಂದಲ್ಲ. ಬೀಗದ ರಚನೆ ಎಲ್ಲರಿಗೂ ತಿಳಿದಿದೆ. ಕೀಲಿಕೈ ಮಾತ್ರ ಅವರವರ ಬಳಿಯೇ ಇದೆ. ತಿದ್ದುಪಡಿಯನ್ನು ಹೊರಗಿನವರೂ ಸೂಚಿಸಬಹುದು. ಪರಿಶೀಲನೆಯಾದ ಮೇಲಷ್ಟೇ ಅದು ತಂತ್ರಾಂಶಕ್ಕೆ ಸೇರುತ್ತದೆ. ನಮ್ಮ ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಆರಂಭವಾದ ‘ಮೋಸಿಪ್’ ಕೂಡ ಇದೇ ಹಾದಿಯದು. ರಾಷ್ಟ್ರೀಯ ಗುರುತಿನ ವ್ಯವಸ್ಥೆ ಕಟ್ಟಲು ನೆರವಾಗುವ ಈ ಮುಕ್ತ ತಂತ್ರಾಂಶವನ್ನು ಫಿಲಿಪೈನ್ಸ್ ಮುಂತಾದ ದೇಶಗಳು ಬಳಸಿಕೊಂಡಿವೆ.

ಪ್ರಕಟವಾದ ಕಾಯಿದೆಯಂತೆ ಪ್ರಕಟವಾದ ತಂತ್ರಾಂಶವೂ ಓದುವವರಿದ್ದರೆ ಮಾತ್ರ ಪ್ರಯೋಜನಕ್ಕೆ ಬರುತ್ತದೆ. ಗಣಕ ವಿಜ್ಞಾನ ಕಲಿಯುತ್ತಿರುವ ನಿಮ್ಮಲ್ಲಿ ಕೆಲವರಾದರೂ ಅದನ್ನು ತೆರೆದು ಓದಬೇಕು, ತಪ್ಪು ಕಂಡರೆ ತಿಳಿಸಬೇಕು.