ಇಎಸ್‌ಐ ಅಂಗವಿಕಲತೆ ಭತ್ಯೆ: ಅಪಘಾತದ ದಾಖಲೆಯೇ ಆಧಾರ

ಕೆಲಸದ ವೇಳೆ ಗಾಯಗೊಂಡ ವಿಮಾದಾರ ಕಾರ್ಮಿಕರಿಗೆ ಕಾರ್ಮಿಕ ರಾಜ್ಯ ವಿಮಾ (ಇಎಸ್‌ಐ) ಯೋಜನೆಯಡಿ ಎರಡು ಬಗೆಯ ಅಂಗವಿಕಲತೆ ಭತ್ಯೆ ದೊರೆಯುತ್ತದೆ.

ತಾತ್ಕಾಲಿಕ: ಅಪಘಾತದ ದಿನ ಹೊರತುಪಡಿಸಿ ಕನಿಷ್ಠ ಮೂರು ದಿನ ದುಡಿಯಲಾಗದಿದ್ದರೆ, ಗುಣವಾಗುವವರೆಗೂ ಸರಾಸರಿ ವೇತನದ ಶೇ.90ರಷ್ಟು ಹಣ ಸಲ್ಲುತ್ತದೆ.

ಶಾಶ್ವತ: ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿದೆ ಎಂಬುದನ್ನು ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ. ನಷ್ಟ ಶೇ.30 ಎಂದಾದರೆ ಪೂರ್ಣ ದರದ ಶೇ.30ರಷ್ಟು ಮೊತ್ತ ಪ್ರತಿ ತಿಂಗಳು ಲಭ್ಯ. ನಿರ್ಧಾರ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ ಅವಕಾಶವಿದೆ.

ಇವೆರಡಕ್ಕೂ ಕನಿಷ್ಠ ವಂತಿಗೆಯ ಷರತ್ತಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅಪಘಾತವಾದರೂ ಹಕ್ಕು ಉಂಟು. ಆದರೆ ಅದು ಉದ್ಯೋಗದಿಂದಾದ ಗಾಯವೆಂದು ಸಾಬೀತಾಗದಿದ್ದರೆ ಉಳಿಯುವುದು ಅನಾರೋಗ್ಯ ಭತ್ಯೆ ಮಾತ್ರ. ಅದರ ಪ್ರಮಾಣ ಶೇ.70, ವರ್ಷಕ್ಕೆ ಗರಿಷ್ಠ 91 ದಿನ, 78 ದಿನಗಳ ವಂತಿಗೆಯೂ ಕಡ್ಡಾಯ. ಹೊಸದಾಗಿ ಸೇರಿದವರಿಗೆ ಅದೂ ಇಲ್ಲ.

ಆದ್ದರಿಂದ ಗಾಯಗೊಂಡ ಕೂಡಲೇ ಸಂಸ್ಥೆಯ ಅಪಘಾತ ಪುಸ್ತಕದಲ್ಲಿ ವಿವರ ನಮೂದಿಸಬೇಕು. ಇಎಸ್‌ಐ ಶಾಖಾ ಕಚೇರಿಗೆ ಮಾಲೀಕರು ವರದಿ ಕಳುಹಿಸಿದ್ದಾರೆಯೇ ಎಂದು ವಿಚಾರಿಸಬೇಕು. ಬಳಿಕ ಇಎಸ್‌ಐ ವೈದ್ಯರ ಪ್ರಮಾಣಪತ್ರದೊಡನೆ ಅದೇ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ, ಉದ್ಯೋಗದ ನಂಟಿದ್ದು ಸಂಭವಿಸಿದ ಅಪಘಾತಕ್ಕೂ ಈ ಸೌಲಭ್ಯ ಅನ್ವಯಿಸುತ್ತದೆ.