ಪೇಸ್‌ಮೇಕರ್ ಪತ್ತೆಹಚ್ಚುವ ಹೃತ್ಕರ್ಣ ಕಂಪನ: 24 ಗಂಟೆಯ ಗಡಿಯ ಮರುಪರಿಶೀಲನೆ

ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃತ್ಕರ್ಣದ ಅಂಕೆಯಿಲ್ಲದ ಕಂಪನ, ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದರಲ್ಲಿ ಈಗ ತಕರಾರಿಲ್ಲ. ಈ ಅಪಾಯ ಸುಮಾರು ಐದು ಪಟ್ಟು ಎಂದು ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಹೇಳಿತು. ವಾರ್ಫರಿನ್ ಅದನ್ನು ಸುಮಾರು ಮೂರನೇ ಎರಡರಷ್ಟು ತಗ್ಗಿಸುತ್ತದೆ ಎಂಬುದೂ ಸಿದ್ಧವಾಗಿದೆ. ತಕರಾರು ಹುಟ್ಟಿದ್ದು ಪತ್ತೆಯ ಸಾಧನಗಳು ಸೂಕ್ಷ್ಮವಾದ ಮೇಲೆ. ಆಸ್ಪತ್ರೆಯ ಇಸಿಜಿ ಹಾಳೆಯಲ್ಲಿ ಸಿಗುವುದು ಹೃದಯದ ಹತ್ತು ಸೆಕೆಂಡುಗಳಷ್ಟೇ. ಹೃತ್ಕರ್ಣಕ್ಕೆ ತಂತಿ ಇಳಿಸಿದ ಪೇಸ್‌ಮೇಕರ್ ಹಗಲಿರುಳೂ ಬಡಿತ ಎಣಿಸುತ್ತಿರುತ್ತದೆ. ಮಿತಿ ಮೀರಿದ ವೇಗದ ಪ್ರತಿಯೊಂದು ಪ್ರಸಂಗವನ್ನೂ ದಾಖಲಿಸಿಟ್ಟು ತಪಾಸಣೆಯ ದಿನ ಪರದೆಯ ಮೇಲೆ ತೋರಿಸುತ್ತದೆ. ರೋಗಿಗೆ ಅದರ ಅರಿವೇ ಇರುವುದಿಲ್ಲ. ಹೀಗೆ ಸಿಕ್ಕ ಕಂಪನಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಕೊಡಬೇಕೇ, ಕೊಡುವುದಾದರೆ ಯಾರಿಗೆ ಎಂಬುದು ಇಲ್ಲಿನ ಪ್ರಶ್ನೆ.

ಈ ಚರ್ಚೆಗೆ ತಳಹದಿ 2012ರಲ್ಲಿ ಪ್ರಕಟವಾದ ಅಸರ್ಟ್ ಅಧ್ಯಯನ. ಅಧಿಕ ರಕ್ತದೊತ್ತಡವಿದ್ದ, ಹಿಂದೆ ಕಂಪನ ಕಂಡಿರದ, 65 ದಾಟಿದ 2580 ಮಂದಿ ಅದರಲ್ಲಿದ್ದರು. ನಿಮಿಷಕ್ಕೆ 190ಕ್ಕಿಂತ ವೇಗದ, ಆರು ನಿಮಿಷ ಮೀರಿದ ಪ್ರಸಂಗ ಮೊದಲ ಮೂರು ತಿಂಗಳಲ್ಲೇ ಶೇ. 10ರಷ್ಟು ಜನರಲ್ಲಿ ಕಂಡಿತು. ಅಂಥವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಎರಡೂವರೆ ಪಟ್ಟು ಇತ್ತು. 2017ರಲ್ಲಿ ವಾನ್ ಗೆಲ್ಡರ್ ಮತ್ತು ಸಂಗಡಿಗರು ಅದೇ ಮಾಹಿತಿಯನ್ನು ಅವಧಿಯ ಪ್ರಕಾರ ವಿಂಗಡಿಸಿ, 24 ಗಂಟೆ ಮೀರಿದ ಪ್ರಸಂಗಗಳಲ್ಲಿ ಮಾತ್ರ ಅಪಾಯ ಏರುತ್ತದೆ, ಅದಕ್ಕಿಂತ ಕಡಿಮೆ ಅವಧಿಯವರಿಗೂ ಕಂಪನವೇ ಇಲ್ಲದವರಿಗೂ ಗಣನೀಯ ವ್ಯತ್ಯಾಸವಿಲ್ಲ ಎಂದರು. ಅವರ ಲೆಕ್ಕದಲ್ಲಿ ದೋಷವಿಲ್ಲ. ಆ ಲೆಕ್ಕವನ್ನೇ ಚಿಕಿತ್ಸೆಯ ಗಡಿಯಾಗಿ ಓದಿಕೊಳ್ಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಒಪ್ಪದಿರಲು ಮೊದಲ ಕಾರಣ ಸಂಖ್ಯೆಯ ಕೊರತೆ. ಅಸರ್ಟ್‌ನಲ್ಲಿ ಪಾರ್ಶ್ವವಾಯು ಅಥವಾ ಅಂಥದೇ ರಕ್ತನಾಳದ ಅಡಚಣೆಗೆ ತುತ್ತಾದವರು ಒಟ್ಟು 51 ಮಂದಿ. ಇಷ್ಟು ಜನರನ್ನು ಅವಧಿಯ ಹಲವು ಗುಂಪುಗಳಿಗೆ ಹಂಚಿದಾಗ ವ್ಯತ್ಯಾಸ ಕಾಣದೆ ಹೋದರೆ ವ್ಯತ್ಯಾಸವೇ ಇಲ್ಲ ಎಂದಾಗದು. ಇದಕ್ಕಿಂತ ಬಲವಾದ ಪುರಾವೆ 2023ರ ಅರ್ಟೀಸಿಯಾ ಪ್ರಯೋಗದ್ದು. ಅದರಲ್ಲಿ ಸೇರಿದ 4012 ಮಂದಿಯೂ ಆರು ನಿಮಿಷದಿಂದ 24 ಗಂಟೆಯೊಳಗಿನ ಕಂಪನದವರೇ, ಅಂದರೆ ಹಳೆಯ ಗಡಿಯ ಪ್ರಕಾರ ಔಷಧ ಬೇಡದವರು. ಆದರೂ ಆಸ್ಪಿರಿನ್ ಪಡೆದವರಲ್ಲಿ ವರ್ಷಕ್ಕೆ ಶೇ. 1.24ರಷ್ಟಿದ್ದ ಪಾರ್ಶ್ವವಾಯು ಮತ್ತು ಎಂಬಾಲಿಸಂ, ಹೆಪ್ಪುಗಟ್ಟುವಿಕೆ ತಡೆಯುವ ಎಪಿಕ್ಸಬಾನ್ ಪಡೆದವರಲ್ಲಿ ಶೇ. 0.78ಕ್ಕೆ ಇಳಿಯಿತು. ಅದೇ ಪ್ರಯೋಗದ ಮುಂದಿನ ವಿಶ್ಲೇಷಣೆಯಲ್ಲಿ ಪ್ರಸಂಗದ ಅವಧಿಗೂ ಔಷಧದ ಫಲಕ್ಕೂ ಸಂಬಂಧ ಕಾಣಲಿಲ್ಲ.

ಹಾಗಾದರೆ ಕಂಪನ ಕಂಡವರಿಗೆಲ್ಲ ಔಷಧ ಕೊಡಬೇಕೇ? ಅದೇ ವರ್ಷದ ನೋವಾ ಪ್ರಯೋಗ ಎದುರು ನಿಲ್ಲುವುದು ಇಲ್ಲಿ. ಎಡಾಕ್ಸಬಾನ್ ಪರೀಕ್ಷಿಸಿದ ಆ ಪ್ರಯೋಗದಲ್ಲಿ ಸ್ಪಷ್ಟ ಲಾಭ ಸಿಗಲಿಲ್ಲ, ರಕ್ತಸ್ರಾವ ಹೆಚ್ಚಿತು, ಅದನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಎರಡೂ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು ರಕ್ತದ ಅಡಚಣೆಯ ಪಾರ್ಶ್ವವಾಯು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗುತ್ತದೆ, ಫಲಿತಾಂಶಗಳಲ್ಲಿ ವಿರೋಧವಿಲ್ಲ ಎಂದರು. ಇದು ನನಗೂ ಒಪ್ಪಿಗೆ. ಆದರೆ ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ ಬರುವ ಅಪಾಯದಲ್ಲಿ ಮೂರನೇ ಒಂದು ಭಾಗ ಕಳೆದರೆ ಉಳಿತಾಯ ತೀರಾ ಸಣ್ಣದು. ಅರ್ಟೀಸಿಯಾದಲ್ಲೂ ದೊಡ್ಡ ರಕ್ತಸ್ರಾವ ಶೇ. 0.94ರಿಂದ 1.71ಕ್ಕೆ ಏರಿತ್ತು. ರಕ್ತಸ್ರಾವದಿಂದ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ, ಪಾರ್ಶ್ವವಾಯು ಕೈಕಾಲು ಕಸಿಯುತ್ತದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದನ್ನು ಮನ್ನಿಸಿದ ಮೇಲೂ ಒಟ್ಟು ಸರಾಸರಿ ನಿರ್ಣಾಯಕವಾಗದು. ರೋಗಿಯ ಹಿನ್ನೆಲೆಯನ್ನೇ ನೋಡಬೇಕು. ಅರ್ಟೀಸಿಯಾದಲ್ಲಿ ಈ ಹಿಂದೆ ಪಾರ್ಶ್ವವಾಯು ಅಥವಾ ಅದರ ಮುನ್ಸೂಚನೆ ಕಂಡಿದ್ದವರಿಗೆ ಮೂರೂವರೆ ವರ್ಷದಲ್ಲಿ ಪಾರ್ಶ್ವವಾಯುವಿನ ಅಪಾಯದಲ್ಲಿ ಸಿಕ್ಕ ನಿರಪೇಕ್ಷ ಇಳಿಕೆ ಶೇ. 7ರಷ್ಟು, ಉಳಿದವರಿಗೆ ಶೇ. 1ರಷ್ಟು. ಕಂಪನ ಅದೇ, ಔಷಧ ಅದೇ, ಫಲ ಮಾತ್ರ ಏಳು ಪಟ್ಟು ಬೇರೆ.

ಇದರಿಂದ ನಾನು ಮುಂದಿಡುವ ಪ್ರತಿಪಾದನೆ ಇಷ್ಟು: ಯಂತ್ರಕ್ಕೆ ಮಾತ್ರ ಕಾಣುವ ಕಿರು ಕಂಪನ ಬಹುಪಾಲು ಪಾರ್ಶ್ವವಾಯುವಿನ ನೇರ ಕಾರಣವಲ್ಲ, ಹದಗೆಟ್ಟ ಹೃತ್ಕರ್ಣದ ಮತ್ತು ರಕ್ತನಾಳಗಳ ಗುರುತು. ಅಸರ್ಟ್‌ನ ಆ 51 ಮಂದಿಯಲ್ಲಿ, ಪಾರ್ಶ್ವವಾಯು ಬಡಿಯುವ ಹಿಂದಿನ 30 ದಿನಗಳಲ್ಲಿ ಕಂಪನ ದಾಖಲಾಗಿದ್ದವರು ನಾಲ್ವರು ಮಾತ್ರ. ಈ ಮಾತನ್ನು ಎಚ್ಚರದಿಂದಲೇ ಹೇಳಬೇಕಾಗಿದೆ. ಹೃತ್ಕರ್ಣದ ಹದಗೆಡುವಿಕೆಯೇ ಮೂಲವಾಗಿದ್ದರೆ ಕಂಪನವಿಲ್ಲದಿದ್ದರೂ ಔಷಧ ಫಲಿಸಬೇಕಿತ್ತು. ಅದನ್ನೇ ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಆರ್ಕೇಡಿಯಾ ಪ್ರಯೋಗದಲ್ಲಿ ಎಪಿಕ್ಸಬಾನ್ ಪಡೆದವರಲ್ಲೂ ಆಸ್ಪಿರಿನ್ ಪಡೆದವರಲ್ಲೂ ಮರುಪಾರ್ಶ್ವವಾಯು ವರ್ಷಕ್ಕೆ ಶೇ. 4.4ರಷ್ಟೇ ಇತ್ತು. ಹೃತ್ಕರ್ಣದ ದೋಷವನ್ನು ಅಳೆಯಲು ಅಲ್ಲಿ ಬಳಸಿದ ಮಾನದಂಡಗಳು ಸಡಿಲವಾಗಿದ್ದವು ಎಂದು ಸಮಜಾಯಿಷಿ ಕೊಡಬಹುದು. ಆದರೆ ಅದು ಪುರಾವೆಯಾಗುವುದಿಲ್ಲ. ಹಾಗಾಗಿ ‘ಬಹುಪಾಲು’ ಎಂಬ ಪದವನ್ನು ಕೈಬಿಡಲಾರೆ.

ಪರದೆಯ ಮೇಲಿನ ಸಂಖ್ಯೆಯೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಅಸರ್ಟ್‌ನಲ್ಲಿ ಆರು ನಿಮಿಷ ಮೀರಿದ ದಾಖಲೆಗಳನ್ನು ತಜ್ಞರು ಮತ್ತೆ ಓದಿದಾಗ ಶೇ. 17ರಷ್ಟು ಕಂಪನವೇ ಅಲ್ಲವೆಂದು ತಿಳಿಯಿತು. ಕೆಳಕೋಣೆಯಿಂದ ಹಿಮ್ಮುಖವಾಗಿ ಹರಿದ ಸಂಕೇತವನ್ನು ಹೃತ್ಕರ್ಣದ ಹೊಸ ಬಡಿತವೆಂದು ಯಂತ್ರ ಎಣಿಸಿದ್ದು ಇದಕ್ಕೊಂದು ಕಾರಣ. ಔಷಧದ ಚೀಟಿ ಬರೆಯುವ ಮುನ್ನ ಆ ಅಲೆಗಳನ್ನು ವೈದ್ಯರೇ ಕಣ್ಣಾರೆ ಓದಬೇಕು.

ಮೇಲಿನ ವಾದಕ್ಕೆ ಒಂದು ದೊಡ್ಡ ಮಿತಿಯಿದೆ. ಅರ್ಟೀಸಿಯಾ ಯುರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ, ನೋವಾ ಯುರೋಪಿನಲ್ಲಿ ನಡೆದವು. ಎರಡರಲ್ಲೂ ರೋಗಿಗಳ ಸರಾಸರಿ ವಯಸ್ಸು 76 ಮೀರಿತ್ತು. ಭಾರತದ ಹೃದಯಲಯ ತಜ್ಞರ ಸಂಘದ ನೋಂದಣಿಯಲ್ಲಿ ಕಂಪನವಿದ್ದವರ ಸರಾಸರಿ ವಯಸ್ಸು 55ರ ಆಸುಪಾಸು, ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರುಮ್ಯಾಟಿಕ್ ಕವಾಟದ ಕಾಯಿಲೆ. ಇಂಥ ರೋಗಿಗಳಲ್ಲಿ ರಿವರಾಕ್ಸಬಾನ್‌ಗಿಂತ ವಾರ್ಫರಿನ್ ಗುಂಪಿನ ಔಷಧಗಳೇ ಮೇಲು ಎಂದು 2022ರ ಇನ್ವಿಕ್ಟಸ್ ಪ್ರಯೋಗ ತೋರಿಸಿತು. ಅಂದರೆ ಅಪಾಯ ಅಳೆಯುವ ಅಂಕಪಟ್ಟಿಯಾಗಲಿ ಹೊಸ ಔಷಧಗಳಾಗಲಿ ಅವರಿಗೆ ನೇರವಾಗಿ ಅನ್ವಯಿಸುವುದಿಲ್ಲ. ಮೈಟ್ರಲ್ ಕವಾಟ ಕಿರಿದಾಗಿರುವ, ಇಸಿಜಿಯಲ್ಲಿ ಲಯ ಸರಿಯಿರುವ ನಲವತ್ತರ ರೋಗಿಯೊಬ್ಬರಲ್ಲಿ ಆರು ನಿಮಿಷದ ಕಂಪನ ಸಿಕ್ಕರೆ ಅದನ್ನು ಬರಿಯ ಗುರುತೆನ್ನಬೇಕೇ, ಕಾರಣವೆಂದೇ ತಿಳಿಯಬೇಕೇ ಎಂಬುದನ್ನು ಇಲ್ಲಿ ಚರ್ಚಿಸಿದ ಯಾವ ಪ್ರಯೋಗವೂ ಪರೀಕ್ಷಿಸಿಲ್ಲ.