ರೋಟರಿ ಕ್ಲಬ್ ಅಧ್ಯಕ್ಷ

ರೋಟರಿ ಕ್ಲಬ್ ಅಧ್ಯಕ್ಷ ಎಂಬುದು ಅಂತಾರಾಷ್ಟ್ರೀಯ ಸೇವಾಸಂಸ್ಥೆಯಾದ ರೋಟರಿಯ ಸ್ಥಳೀಯ ಘಟಕವನ್ನು ಒಂದು ವರ್ಷದ ಅವಧಿಗೆ ಮುನ್ನಡೆಸುವ ಚುನಾಯಿತ ಹುದ್ದೆಯಾಗಿದೆ. ಕ್ಲಬ್ಬಿನ ಸಭೆಗಳಲ್ಲಿಯೂ ಆಡಳಿತ ಮಂಡಳಿಯ ಸಭೆಗಳಲ್ಲಿಯೂ ಅಧ್ಯಕ್ಷತೆ ವಹಿಸುವುದು, ಸಮಿತಿಗಳನ್ನು ರಚಿಸುವುದು, ಸೇವಾ ಯೋಜನೆಗಳ ಮೇಲ್ವಿಚಾರಣೆ ನಡೆಸುವುದು ಹಾಗೂ ಕ್ಲಬ್ಬನ್ನು ಹೊರಗಿನವರ ಮುಂದೆ ಪ್ರತಿನಿಧಿಸುವುದು ಈ ಹುದ್ದೆಯ ಮುಖ್ಯ ಹೊಣೆಗಳು. ಅಧ್ಯಕ್ಷರ ಅವಧಿ ಜುಲೈ 1ರಂದು ಆರಂಭವಾಗಿ ಮರುವರ್ಷದ ಜೂನ್ 30ರಂದು ಮುಗಿಯುತ್ತದೆ. ಇದು ವೇತನವಿಲ್ಲದ ಸ್ವಯಂಸೇವೆಯ ಹುದ್ದೆ.

ಕರ್ನಾಟಕದ ಕರಾವಳಿಯಲ್ಲಿ ಉಡುಪಿ, ಮಣಿಪಾಲ, ಕಾರ್ಕಳಗಳಂಥ ಪಟ್ಟಣಗಳಲ್ಲಷ್ಟೇ ಅಲ್ಲದೆ ಕಾಪು ತಾಲೂಕಿನ ಶಿರ್ವ, ಪಡುಬಿದ್ರಿಗಳಂಥ ಊರುಗಳಲ್ಲಿಯೂ ರೋಟರಿ ಕ್ಲಬ್‌ಗಳಿವೆ. ಹೀಗಾಗಿ ಎಲ್ಲೂರು, ಅದಮಾರು, ಮುದರಂಗಡಿಗಳಂಥ ಸುತ್ತಲಿನ ಗ್ರಾಮಗಳ ಜನರಿಗೂ ಪ್ರತಿ ಮಳೆಗಾಲದಲ್ಲಿ ನಡೆಯುವ ‘ಪದಗ್ರಹಣ’ ಸಮಾರಂಭ ಅಪರಿಚಿತವಲ್ಲ.

ಹಿನ್ನೆಲೆ

ರೋಟರಿಯ ಮೊದಲ ಕ್ಲಬ್ 1905ರ ಫೆಬ್ರವರಿ 23ರಂದು ಅಮೆರಿಕದ ಶಿಕಾಗೋ ನಗರದಲ್ಲಿ ಆರಂಭವಾಯಿತು. ಇದನ್ನು ಹುಟ್ಟುಹಾಕಿದವರು ವಕೀಲರಾದ ಪಾಲ್ ಹ್ಯಾರಿಸ್. ಆದರೆ ಕ್ಲಬ್ಬಿನ ಮೊದಲ ಅಧ್ಯಕ್ಷರು ಅವರಲ್ಲ. ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್. ಸ್ಥಾಪಕರಾದ ಹ್ಯಾರಿಸ್ ಮೂರನೆಯವರಾಗಿ 1907ರಲ್ಲಿ ಆ ಸ್ಥಾನಕ್ಕೆ ಬಂದರು. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸಭೆಗಳು ನಡೆಯುತ್ತಿದ್ದ ಕಾರಣ ಸಂಸ್ಥೆಗೆ ‘ರೋಟರಿ’, ಎಂದರೆ ಸುತ್ತುವಂಥದ್ದು, ಎಂಬ ಹೆಸರು ಬಂದಿತು. ಅಧ್ಯಕ್ಷಸ್ಥಾನವೂ ಒಬ್ಬರಲ್ಲಿಯೇ ನಿಲ್ಲದೆ ಸದಸ್ಯರ ನಡುವೆ ಸುತ್ತುತ್ತಿರಬೇಕೆಂಬ ಪದ್ಧತಿ ಅಂದಿನಿಂದ ಇಂದಿನವರೆಗೂ ಉಳಿದುಬಂದಿದೆ.

ಬೆಂಗಳೂರಿನ ರೋಟರಿ ಕ್ಲಬ್ 1934ರಲ್ಲಿ ಸ್ಥಾಪನೆಯಾಯಿತು. ಉಡುಪಿ ಜಿಲ್ಲೆಯ ಕ್ಲಬ್‌ಗಳು ಶಿವಮೊಗ್ಗ, ಚಿಕ್ಕಮಗಳೂರು ಭಾಗದ ಕ್ಲಬ್‌ಗಳೊಡನೆ ರೋಟರಿ ಜಿಲ್ಲೆ 3182ಕ್ಕೆ ಸೇರಿವೆ. ಇಲ್ಲಿ ‘ಜಿಲ್ಲೆ’ ಎಂಬುದು ಕಂದಾಯ ಜಿಲ್ಲೆಯಲ್ಲ. ರೋಟರಿಯ ಆಡಳಿತ ವಿಭಾಗ. ಇದರ ಮುಖ್ಯಸ್ಥರು ಜಿಲ್ಲಾ ಗವರ್ನರ್. ಅವರ ಕೆಳಗೆ ವಲಯಗಳಿಗೆ ಸಹಾಯಕ ಗವರ್ನರ್‌ಗಳೂ ವಲಯ ಸೇನಾನಿಗಳೂ ಇರುತ್ತಾರೆ.

ಸೋದರ ಸಂಘಗಳ ಲಾಡ್ಜ್‌ಗಳೊಡನೆ ಹೋಲಿಕೆ

ಫ್ರೀಮೇಸನ್ ಮೊದಲಾದ ಸೋದರ ಸಂಘಗಳಲ್ಲಿ ಸ್ಥಳೀಯ ಘಟಕವನ್ನು ‘ಲಾಡ್ಜ್’ ಎಂದೂ ಅದರ ಸಭಾಪತಿಯನ್ನು ‘ಮಾಸ್ಟರ್’ ಎಂದೂ ಕರೆಯುತ್ತಾರೆ. ಮಾಸ್ಟರ್ ಕೂಡ ಸಾಮಾನ್ಯವಾಗಿ ಒಂದು ವರ್ಷಕ್ಕೆ ಆಯ್ಕೆಯಾಗುವವರು. ಅವರ ಕೈಯಲ್ಲಿ ಅಧಿಕಾರದ ಕುರುಹಾಗಿ ಚಿಕ್ಕ ಸುತ್ತಿಗೆ, ಕೊರಳಲ್ಲಿ ಪದವಿಯನ್ನು ಸೂಚಿಸುವ ಕಾಲರ್ ಇರುತ್ತವೆ. ರೋಟರಿ ಅಧ್ಯಕ್ಷರೂ ಕಾಲರ್ ಧರಿಸುತ್ತಾರೆ, ಸುತ್ತಿಗೆಯಿಂದ ಗಂಟೆ ಬಾರಿಸಿ ಸಭೆಯನ್ನು ಆರಂಭಿಸುತ್ತಾರೆ. ಹೋಲಿಕೆ ಬಹುಮಟ್ಟಿಗೆ ಇಲ್ಲಿಗೆ ನಿಲ್ಲುತ್ತದೆ. ಲಾಡ್ಜ್‌ನಲ್ಲಿ ಸದಸ್ಯರಿಗೆ ಮಾತ್ರ ಮೀಸಲಾದ ದೀಕ್ಷಾವಿಧಿಗಳಿದ್ದು, ಅವನ್ನು ನಡೆಸಿಕೊಡುವುದು ಮಾಸ್ಟರರ ದೊಡ್ಡ ಕೆಲಸ. ರೋಟರಿಯಲ್ಲಿ ಗುಪ್ತ ವಿಧಿಗಳಿಲ್ಲ. ಸಭೆಗೆ ಅತಿಥಿಗಳು ಬರಬಹುದು. ಹೊಸ ಸದಸ್ಯರ ಸೇರ್ಪಡೆಯೂ ಎಲ್ಲರ ಎದುರಿನಲ್ಲೇ ನಡೆಯುತ್ತದೆ.

ಆಯ್ಕೆ ಮತ್ತು ಸಿದ್ಧತೆ

ರೋಟರಿಯ ಮಾದರಿ ಸಂವಿಧಾನದಂತೆ ಪದಾಧಿಕಾರಿಗಳ ಚುನಾವಣೆಗಾಗಿ ಪ್ರತಿವರ್ಷ ಡಿಸೆಂಬರ್ 31ರ ಒಳಗೆ ವಾರ್ಷಿಕ ಸಭೆ ನಡೆಯಬೇಕು. ಅಧ್ಯಕ್ಷರನ್ನು ಅಧಿಕಾರ ಸ್ವೀಕಾರಕ್ಕೆ 18 ತಿಂಗಳಿಗಿಂತ ಕಡಿಮೆಯಲ್ಲದಷ್ಟು, 2 ವರ್ಷಕ್ಕಿಂತ ಹೆಚ್ಚಲ್ಲದಷ್ಟು ಮೊದಲೇ ಆರಿಸಲಾಗುತ್ತದೆ. ಹೀಗೆ ಆಯ್ಕೆಯಾದವರು ಅಧಿಕಾರ ವಹಿಸುವುದಕ್ಕೆ ಮುಂಚಿನ ಒಂದು ವರ್ಷ ‘ನಿಯೋಜಿತ ಅಧ್ಯಕ್ಷ’ರಾಗಿ ಆಡಳಿತ ಮಂಡಳಿಯಲ್ಲಿರುತ್ತಾರೆ. ಈ ಅವಧಿಯಲ್ಲಿ ಅವರು ಜಿಲ್ಲಾ ಮಟ್ಟದ ತರಬೇತಿ ಶಿಬಿರದಲ್ಲಿ ಭಾಗವಹಿಸಬೇಕು, ಮುಂದಿನ ವರ್ಷದ ಯೋಜನೆ ಹಾಗೂ ಆಯವ್ಯಯ ಅಂದಾಜನ್ನು ಸಿದ್ಧಪಡಿಸಿಕೊಳ್ಳಬೇಕು. ಅವಧಿ ಮುಗಿದವರು ‘ನಿಕಟಪೂರ್ವ ಅಧ್ಯಕ್ಷ’ರೆನಿಸಿ ಇನ್ನೂ ಒಂದು ವರ್ಷ ಮಂಡಳಿಯಲ್ಲಿ ಉಳಿಯುತ್ತಾರೆ. ಇದರಿಂದ ಯಾವುದೇ ಸಮಯದಲ್ಲಿ ಹಿಂದಿನ, ಇಂದಿನ ಮತ್ತು ಮುಂದಿನ ಅಧ್ಯಕ್ಷರು ಒಂದೇ ಮಂಡಳಿಯಲ್ಲಿ ಕುಳಿತಿರುತ್ತಾರೆ. ಉತ್ತರಾಧಿಕಾರಿಯ ಆಯ್ಕೆ ನಡೆಯದಿದ್ದರೆ ಹಾಲಿ ಅಧ್ಯಕ್ಷರ ಅವಧಿ ಗರಿಷ್ಠ ಒಂದು ವರ್ಷ ಮುಂದುವರಿಯಬಹುದು.

ಮಹಿಳೆಯರಿಗೆ ಈ ಹುದ್ದೆಯ ದಾರಿ ತೆರೆದದ್ದು ತಡವಾಗಿ. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಬಳಿಕ, 1989ರಲ್ಲಿ ರೋಟರಿಯ ಶಾಸನ ಪರಿಷತ್ತು ಸದಸ್ಯತ್ವವು ಪುರುಷರಿಗೆ ಮಾತ್ರ ಎಂಬ ನಿಯಮವನ್ನು ತೆಗೆದುಹಾಕಿತು. ಇಂದು ಅನೇಕ ಕ್ಲಬ್‌ಗಳಲ್ಲಿ ಮಹಿಳೆಯರು ಅಧ್ಯಕ್ಷರಾಗಿದ್ದಾರೆ. 2022–23ರಲ್ಲಿ ಜೆನಿಫರ್ ಜೋನ್ಸ್ ರೋಟರಿ ಇಂಟರ್‌ನ್ಯಾಷನಲ್‌ನ ಮೊದಲ ಮಹಿಳಾ ಅಧ್ಯಕ್ಷರಾದರು.

ಕರ್ತವ್ಯಗಳು

ಸಭಾನಿರ್ವಹಣೆ

ಕ್ಲಬ್ ತಿಂಗಳಿಗೆ ಕನಿಷ್ಠ 2 ಬಾರಿ ಸೇರಬೇಕು. ಸಭೆಯನ್ನು ಹೊತ್ತಿಗೆ ಸರಿಯಾಗಿ ಆರಂಭಿಸಿ ಹೊತ್ತಿಗೆ ಸರಿಯಾಗಿ ಮುಗಿಸುವುದು ಅಧ್ಯಕ್ಷರ ಮೊದಲ ಕರ್ತವ್ಯ. ಗಂಟೆ, ಪ್ರಾರ್ಥನೆ, ಚತುರ್ವಿಧ ಪರೀಕ್ಷೆಯ ಪಠಣ, ಸ್ವಾಗತ, ಕಾರ್ಯದರ್ಶಿಯ ಪ್ರಕಟಣೆಗಳು, ಅತಿಥಿಯ ಉಪನ್ಯಾಸ, ವಂದನಾರ್ಪಣೆ: ಇದು ನಮ್ಮ ಕಡೆಯ ಸಭೆಗಳ ಸಾಮಾನ್ಯ ಕ್ರಮ. ಸಭೆಯ ಶಿಸ್ತು ಮತ್ತು ಆಸನವ್ಯವಸ್ಥೆ ನೋಡಿಕೊಳ್ಳಲು ‘ದಂಡಪಾಣಿ’ ಎಂಬ ಪದಾಧಿಕಾರಿ ಅಧ್ಯಕ್ಷರಿಗೆ ನೆರವಾಗುತ್ತಾರೆ.

ನಿರ್ಣಯ ಕೈಗೊಳ್ಳುವ ಸಭೆಯಲ್ಲಿ ಕೋರಂ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಕ್ಲಬ್ಬಿನ ಸಭೆಗೆ ಸದಸ್ಯರ ಮೂರನೆಯ ಒಂದು ಭಾಗ, ಆಡಳಿತ ಮಂಡಳಿಗೆ ಅದರ ಸದಸ್ಯರ ಬಹುಮತ ಬೇಕು. ಚರ್ಚೆಯಲ್ಲಿ ಎರಡೂ ಪಕ್ಷಗಳಿಗೆ ಮಾತಿನ ಅವಕಾಶ ಕೊಡುವುದು, ಹಿರಿಯ ಸದಸ್ಯರ ಮಾತಿನ ಭರದಲ್ಲಿ ಹೊಸಬರ ಅಭಿಪ್ರಾಯ ಅಡಗಿಹೋಗದಂತೆ ನೋಡಿಕೊಳ್ಳುವುದು ಅಧ್ಯಕ್ಷರ ಸಾಮರ್ಥ್ಯದ ನಿಜವಾದ ಒರೆಗಲ್ಲು.

ಆಡಳಿತ ಮತ್ತು ಹಣಕಾಸು

ಕ್ಲಬ್ಬಿನ ಆಡಳಿತಾಧಿಕಾರ ಇರುವುದು ಮಂಡಳಿಯಲ್ಲಿ. ಅಧ್ಯಕ್ಷರು ಆ ಮಂಡಳಿಯ ಮುಖ್ಯಸ್ಥರು ಮಾತ್ರ. ಲೆಕ್ಕಪತ್ರ ಇಡುವವರು ಕೋಶಾಧಿಕಾರಿ, ದಾಖಲೆ ಇಡುವವರು ಕಾರ್ಯದರ್ಶಿ. ಇವರಿಬ್ಬರ ಕೆಲಸ ನಿಯಮದಂತೆ ನಡೆಯುತ್ತಿದೆಯೇ ಎಂದು ನೋಡುವ ಹೊಣೆ ಅಧ್ಯಕ್ಷರದು. ಸದಸ್ಯರ ವಂತಿಗೆಯಿಂದ ನಡೆಯುವ ಕ್ಲಬ್ಬಿನ ಖರ್ಚನ್ನೂ ಸಾರ್ವಜನಿಕರಿಂದ ಸೇವೆಗಾಗಿ ಸಂಗ್ರಹಿಸಿದ ನಿಧಿಯನ್ನೂ ಬೆರೆಸಬಾರದು. ಶಾಲೆಗೆ ಪೀಠೋಪಕರಣ ಕೊಡಲೆಂದು ಊರವರು ನೀಡಿದ ಹಣ ಪದಗ್ರಹಣದ ಊಟಕ್ಕೆ ಬಳಕೆಯಾದರೆ, ಮೊತ್ತ ಚಿಕ್ಕದಾಗಿದ್ದರೂ ಕಳೆದುಹೋಗುವ ನಂಬಿಕೆ ದೊಡ್ಡದು. ವರ್ಷಾಂತ್ಯದಲ್ಲಿ ಲೆಕ್ಕಪತ್ರವನ್ನು ಅರ್ಹರಿಂದ ಪರಿಶೀಲನೆ ಮಾಡಿಸಿ ಸದಸ್ಯರ ಮುಂದಿಡಬೇಕು.

ರೋಟರಿ ಇಂಟರ್‌ನ್ಯಾಷನಲ್‌ಗೆ ಸಲ್ಲಬೇಕಾದ ತಲಾವಂತಿಗೆಯನ್ನು ವರ್ಷಕ್ಕೆ 2 ಕಂತುಗಳಲ್ಲಿ ಪಾವತಿಸಬೇಕು. ತಪ್ಪಿದರೆ ಕ್ಲಬ್ಬಿನ ಮಾನ್ಯತೆಗೇ ಕುಂದು ಬರಬಹುದು. ಕ್ಲಬ್ ಅಥವಾ ಅದರ ಅಂಗಸಂಸ್ಥೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿದ್ದರೆ ಆ ಕಾಯ್ದೆಯ ವಾರ್ಷಿಕ ವಿವರಣಾಪತ್ರಗಳನ್ನೂ ಸಲ್ಲಿಸಬೇಕಾಗುತ್ತದೆ. ವಿದೇಶಿ ನೆರವು ಪಡೆಯುವ ಯೋಜನೆಗಳಿಗೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ.

ಸೇವಾ ಯೋಜನೆಗಳು

ಅಧ್ಯಕ್ಷರು ಸಮಿತಿಗಳಿಗೆ ಮುಖ್ಯಸ್ಥರನ್ನು ನೇಮಿಸಿ ಕೆಲಸ ಹಂಚುತ್ತಾರೆ. ವೈದ್ಯಕೀಯ ಶಿಬಿರ, ರಕ್ತದಾನ, ವಿದ್ಯಾರ್ಥಿವೇತನ, ಶಾಲೆಗಳಿಗೆ ನೆರವು ಕರಾವಳಿಯ ಕ್ಲಬ್‌ಗಳ ಸಾಮಾನ್ಯ ಚಟುವಟಿಕೆಗಳು. 12ರಿಂದ 18 ವರ್ಷದ ವಿದ್ಯಾರ್ಥಿಗಳಿಗಾಗಿ ಶಾಲೆಗಳಲ್ಲಿ ಇಂಟರಾಕ್ಟ್ ಕ್ಲಬ್, ಗ್ರಾಮಗಳಲ್ಲಿ ಸದಸ್ಯರಲ್ಲದವರನ್ನೂ ಸೇರಿಸಿಕೊಂಡು ರೋಟರಿ ಸಮುದಾಯ ದಳ ರಚಿಸುವ ಅವಕಾಶವಿದೆ. ಇವುಗಳಿಗೆ ಮಾರ್ಗದರ್ಶನ ನೀಡುವುದೂ ಅಧ್ಯಕ್ಷರ ಹೊಣೆಯಲ್ಲಿ ಸೇರಿದೆ.

ಒಂದು ವರ್ಷದಲ್ಲಿ ಮುಗಿಯದ ಕೆಲಸವನ್ನು ಮುಂದಿನವರಿಗೆ ಸರಿಯಾಗಿ ಒಪ್ಪಿಸುವುದು ಬಹು ಮುಖ್ಯ. ರೋಟರಿಯ ಅತಿ ದೊಡ್ಡ ಕಾರ್ಯಕ್ರಮವಾದ ಪೋಲಿಯೊ ನಿರ್ಮೂಲನ ಇದಕ್ಕೆ ಉತ್ತಮ ನಿದರ್ಶನ. 1985ರಲ್ಲಿ ಆರಂಭವಾದ ಈ ಕಾರ್ಯದಲ್ಲಿ ಸರ್ಕಾರಗಳು ಮತ್ತು ವಿಶ್ವ ಆರೋಗ್ಯ ಸಂಸ್ಥೆಯಂಥ ಸಂಸ್ಥೆಗಳೊಡನೆ ರೋಟರಿ ಕೈಜೋಡಿಸಿತು. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡುಬಂತು. 2014ರ ಮಾರ್ಚ್ 27ರಂದು ದೇಶವಿರುವ ವಲಯಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು. ಈ ನಡುವಿನ ಸುಮಾರು ಮೂರು ದಶಕಗಳಲ್ಲಿ ಪ್ರತಿ ಕ್ಲಬ್ಬಿನಲ್ಲಿಯೂ ಅಧ್ಯಕ್ಷರು ವರ್ಷವರ್ಷವೂ ಬದಲಾದರು, ಕೆಲಸ ಬದಲಾಗಲಿಲ್ಲ.

ಅಧಿಕಾರದ ಮಿತಿಗಳು

ಅಧ್ಯಕ್ಷರು ತಾವೊಬ್ಬರೇ ಯಾರನ್ನೂ ಕ್ಲಬ್ಬಿನಿಂದ ತೆಗೆದುಹಾಕುವಂತಿಲ್ಲ. ಸೂಕ್ತ ಕಾರಣವಿದ್ದಾಗ, ಅದಕ್ಕಾಗಿ ಕರೆದ ಸಭೆಯಲ್ಲಿ ಹಾಜರಿರುವ ಮಂಡಳಿ ಸದಸ್ಯರ ಮೂರನೆಯ ಎರಡು ಭಾಗದಷ್ಟು ಮತ ಬೇಕು. ಸಂಬಂಧಪಟ್ಟ ಸದಸ್ಯರಿಗೆ 10 ದಿನ ಮುಂಚಿತವಾಗಿ ಲಿಖಿತ ಸೂಚನೆ ನೀಡಿ ಉತ್ತರಿಸಲು ಅವಕಾಶ ಕೊಡಬೇಕು. ಮೇಲ್ಮನವಿಯ ಹಕ್ಕೂ ಅವರಿಗಿದೆ.

ಕ್ಲಬ್ ಯಾವುದೇ ಚುನಾವಣಾ ಅಭ್ಯರ್ಥಿಯನ್ನು ಬೆಂಬಲಿಸುವಂತಿಲ್ಲ. ಸದಸ್ಯರು ವೈಯಕ್ತಿಕವಾಗಿ ರಾಜಕೀಯದಲ್ಲಿರಬಹುದು. ಆದರೆ ಅಧ್ಯಕ್ಷರು ಕ್ಲಬ್ಬಿನ ವೇದಿಕೆಯನ್ನು ಪಕ್ಷದ ಪ್ರಚಾರಕ್ಕೆ ಬಿಟ್ಟುಕೊಡಬಾರದು. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರುಗಳಲ್ಲಿ ಈ ನಿಯಮ ಪಾಲಿಸುವುದು ಸುಲಭವಲ್ಲ. ಅಲ್ಲಿಯೇ ಅದರ ಅಗತ್ಯವೂ ಹೆಚ್ಚು.

ಅಧಿಕಾರ ಹಸ್ತಾಂತರ

ಪದಗ್ರಹಣ ಸಮಾರಂಭದಲ್ಲಿ ನಿರ್ಗಮನ ಅಧ್ಯಕ್ಷರು ವರ್ಷದ ಕಾರ್ಯವನ್ನು ಅವಲೋಕಿಸುತ್ತಾರೆ. ಕಾರ್ಯದರ್ಶಿ ವರದಿ ವಾಚಿಸುತ್ತಾರೆ. ಪದಗ್ರಹಣ ಅಧಿಕಾರಿಯ ಸಮ್ಮುಖದಲ್ಲಿ ಕಾಲರ್ ಹೊಸ ಅಧ್ಯಕ್ಷರ ಕೊರಳಿಗೆ ಹೋಗುತ್ತದೆ. ಉಡುಪಿಯ ಜನರಿಗೆ ಸರದಿಯ ಅಧಿಕಾರ ಹೊಸ ಕಲ್ಪನೆಯೇನಲ್ಲ. ಶ್ರೀಕೃಷ್ಣ ಮಠದ ಪೂಜಾಧಿಕಾರ ಅಷ್ಟಮಠಗಳ ನಡುವೆ 2 ವರ್ಷಕ್ಕೊಮ್ಮೆ ಪರ್ಯಾಯವಾಗಿ ಸಾಗುತ್ತದೆ. ಆಗ ಅಕ್ಷಯಪಾತ್ರೆ ಮತ್ತು ಸಟ್ಟುಗ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರುತ್ತವೆ. ಧಾರ್ಮಿಕ ಪರಂಪರೆಯೊಂದನ್ನು ಸೇವಾಸಂಸ್ಥೆಯ ಹುದ್ದೆಯೊಡನೆ ಸಮೀಕರಿಸಲಾಗದು. ಆದರೂ ಎರಡರಲ್ಲಿಯೂ ಅಧಿಕಾರ ಸ್ಥಾನಕ್ಕೆ ಸೇರಿದ್ದು, ವ್ಯಕ್ತಿಗಲ್ಲ ಎಂಬ ತತ್ತ್ವ ಒಂದೇ.

ಕಾಲರ್ ಜೊತೆಗೆ ನಡಾವಳಿ ಪುಸ್ತಕ, ಬ್ಯಾಂಕ್ ದಾಖಲೆಗಳು, ಬಾಕಿ ಬಿಲ್ಲುಗಳ ಪಟ್ಟಿ ಹಾಗೂ ಅಪೂರ್ಣ ಯೋಜನೆಗಳ ವಿವರ ಹೊಸಬರ ಕೈ ಸೇರಿದಾಗಲಷ್ಟೇ ಹಸ್ತಾಂತರ ಪೂರ್ಣವಾಗುತ್ತದೆ. ಬ್ಯಾಂಕ್ ಖಾತೆಯ ಸಹಿ ಬದಲಾವಣೆಯನ್ನೂ ವಿಳಂಬವಿಲ್ಲದೆ ಮಾಡಿಸಬೇಕು. ಮಾಜಿ ಅಧ್ಯಕ್ಷರು ಆ ಬಳಿಕ ಸಾಮಾನ್ಯ ಸದಸ್ಯರ ಸಾಲಿಗೆ ಮರಳುತ್ತಾರೆ. ಕೇಳಿದಾಗ ಸಲಹೆ ನೀಡುವುದು ಅವರ ಮುಂದಿನ ಪಾತ್ರ.